ಪರದೇಶದ ಸಂಬಳ, ಊರಿನ ದಿನಗಳು

ಮಾರ್ಚ್ ತಿಂಗಳಲ್ಲಿ ಕಾಪುವಿನ ಸುಗ್ಗಿ ಮಾರಿಪೂಜೆ ಬಂತೆಂದರೆ ಮುಂಬಯಿಯವರೂ ಗಲ್ಫಿನವರೂ ಊರಿಗೆ ಬಂದಿಳಿಯುತ್ತಾರೆ. ಪೂಜೆ ಮುಗಿದು, ಊಟವಾಗಿ, ನೆಂಟರೆಲ್ಲ ಚಾವಡಿಯಲ್ಲಿ ಕುಳಿತಾಗ ಮಾತು ಚಿನ್ನದ ದರ, ದಿರ್ಹಮಿನ ದರ ದಾಟಿ ಕೊನೆಗೆ ತೆರಿಗೆಗೆ ಬಂದು ನಿಲ್ಲುತ್ತದೆ.

"ಅಲ್ಲ ಭಾವ, ದುಬೈಯಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲ. ಮತ್ತೆ ಇಲ್ಲಿ ಯಾಕೆ ಕಟ್ಟಬೇಕು?" ಎನ್ನುತ್ತಾರೆ ಒಬ್ಬರು. "ಪಾಸ್‌ಪೋರ್ಟು ಭಾರತದ್ದಲ್ಲವಾ? ಕಟ್ಟದೆ ಉಂಟಾ?" ಎನ್ನುತ್ತಾರೆ ಇನ್ನೊಬ್ಬರು. "ಊರಿಗೆ ಹಣ ಕಳುಹಿಸಿದರೆ ಮಾತ್ರ ತೆರಿಗೆಯಂತೆ, ಅಲ್ಲೇ ಇಟ್ಟರೆ ಇಲ್ಲವಂತೆ" ಎಂದು ಮೂರನೆಯವರ ತೀರ್ಪು.

ಮೂವರದೂ ಅರ್ಧ ತಿಳಿವಳಿಕೆ. ಆದಾಯ ತೆರಿಗೆಯ ಕಾನೂನು ಮೊದಲು ಕೇಳುವುದು ಪಾಸ್‌ಪೋರ್ಟನ್ನಲ್ಲ, ಹಣ ಎಲ್ಲಿದೆ ಎಂಬುದನ್ನೂ ಅಲ್ಲ. "ಈ ವರ್ಷ ನೀವು ಭಾರತದಲ್ಲಿ ಎಷ್ಟು ದಿನ ಇದ್ದಿರಿ?" ಎಂಬುದೇ ಅದರ ಮೊದಲ ಪ್ರಶ್ನೆ. ಉಳಿದದ್ದೆಲ್ಲ ಅದರ ಉತ್ತರದ ಮೇಲೆ ನಿಂತಿದೆ.

ನಮ್ಮ ಕರಾವಳಿಯವರು ಊರು ಬಿಟ್ಟು ದುಡಿಯಲು ಹೋದದ್ದು ಹೊಸತಲ್ಲ. ಮೊದಲು ಮುಂಬಯಿಯ ಹೋಟೆಲು, ಮಿಲ್ಲು, ಆಫೀಸು. 1970ರ ದಶಕದಲ್ಲಿ ತೈಲದ ಬೆಲೆ ಏರಿದ ಬಳಿಕ ಗಲ್ಫ್. ಮುಂಬಯಿಗೆ ಹೋದವನ ತೆರಿಗೆ ಲೆಕ್ಕದಲ್ಲಿ ದಿನ ಎಣಿಸುವ ಕೆಲಸ ಇರಲಿಲ್ಲ. ದೇಶ ಒಂದೇ, ಕಾನೂನು ಒಂದೇ. ಸಮುದ್ರ ದಾಟಿದವನಿಗೆ ಮಾತ್ರ ಕ್ಯಾಲೆಂಡರು ಬೇಕಾಯಿತು.

ಅರ್ಧ ವರ್ಷದ ಗೆರೆ

ತುಳುವರಿಗೆ ವರ್ಷ ಶುರುವಾಗುವುದು ಬಿಸುವಿಗೆ. ತೆರಿಗೆಯವರಿಗೆ ಅದಕ್ಕೂ ಎರಡು ವಾರ ಮುಂಚೆ, ಏಪ್ರಿಲ್ 1ಕ್ಕೆ. ಅಲ್ಲಿಂದ ಮಾರ್ಚ್ 31ರವರೆಗಿನ ಅವಧಿಯಲ್ಲಿ 182 ದಿನ ಅಥವಾ ಹೆಚ್ಚು ಕಾಲ ಭಾರತದಲ್ಲಿದ್ದವನು ಆ ವರ್ಷಕ್ಕೆ 'ನಿವಾಸಿ'. 365ನ್ನು ಎರಡರಿಂದ ಭಾಗಿಸಿದರೆ 182 ಮತ್ತು ಅರ್ಧ. ಅಂದರೆ ವರ್ಷದ ಅರ್ಧ ಭಾಗ ಎಲ್ಲಿ ಕಳೆದಿರೋ ಅಲ್ಲಿಯವರು ನೀವು ಎಂಬುದು ಸ್ಥೂಲ ತತ್ವ. 1961ರ ಕಾಯ್ದೆಯಲ್ಲಿದ್ದ ಈ ಲೆಕ್ಕವನ್ನು, 2026ರ ಏಪ್ರಿಲ್ 1ರಿಂದ ಜಾರಿಗೆಂದು ಸಂಸತ್ತು 2025ರಲ್ಲಿ ಒಪ್ಪಿದ ಹೊಸ ಆದಾಯ ತೆರಿಗೆ ಕಾಯ್ದೆಯೂ ಉಳಿಸಿಕೊಂಡಿದೆ.

ಇದರ ಜೊತೆಗೆ ಇನ್ನೊಂದು ಬಿಗಿಯಾದ ನಿಯಮವೂ ಇದೆ. ವರ್ಷದಲ್ಲಿ 60 ದಿನ ಇದ್ದು, ಅದರ ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದರೂ ನಿವಾಸಿಯೇ. ಆದರೆ ಉದ್ಯೋಗಕ್ಕಾಗಿ ದೇಶ ಬಿಟ್ಟ ವರ್ಷದಲ್ಲಿ ಮತ್ತು ಹೊರಗೆ ನೆಲೆಸಿ ರಜೆಗೆ ಊರಿಗೆ ಬರುವ ವರ್ಷಗಳಲ್ಲಿ ಭಾರತೀಯರಿಗೆ ಈ 60ರ ಬದಲು 182 ದಿನಗಳ ರಿಯಾಯಿತಿ ಉಂಟು. 2020ರ ಬಜೆಟ್ ಈ ರಿಯಾಯಿತಿಯನ್ನು ಸ್ವಲ್ಪ ಕತ್ತರಿಸಿತು. ಭಾರತದೊಳಗಿನ ಆದಾಯ ವರ್ಷಕ್ಕೆ 15 ಲಕ್ಷ ರೂಪಾಯಿ ಮೀರುವವರು ರಜೆಗೆ ಬಂದಾಗ ಅವರಿಗೆ 182ರ ಬದಲು 120 ದಿನಗಳ ಗೆರೆ.

ಒಂದು ದಿನದ ಬೆಲೆ ಎಷ್ಟು ಎಂಬುದಕ್ಕೊಂದು ಲೆಕ್ಕ. ಕಾಪುವಿನ ಎಂಜಿನಿಯರನೊಬ್ಬ ಮೊದಲ ಬಾರಿಗೆ ಕತಾರಿನ ಕೆಲಸಕ್ಕೆ ಹೊರಟಿದ್ದಾನೆ ಎಂದಿಟ್ಟುಕೊಳ್ಳಿ. ಏಪ್ರಿಲ್‌ನಿಂದ ಆಗಸ್ಟ್ ಕೊನೆಗೆ 153 ದಿನ. ಸೆಪ್ಟೆಂಬರ್ 28ರಂದು ವಿಮಾನ ಹತ್ತಿದರೆ 181 ದಿನವಾಯಿತು. ಆ ವರ್ಷಕ್ಕೆ ಆತ ಅನಿವಾಸಿ. ಮನೆಯವರು "ಇನ್ನೊಂದು ದಿನ ಇದ್ದು ಹೋಗು ಮಗಾ" ಎಂದರೆಂದು 29ಕ್ಕೆ ಹೊರಟರೆ 182, ಆತ ನಿವಾಸಿ. ಮಾರ್ಚ್‌ವರೆಗೆ ಕತಾರಿನಲ್ಲಿ ಗಳಿಸಿದ್ದೂ ಇಲ್ಲಿಯ ಲೆಕ್ಕಕ್ಕೆ ಬರುತ್ತದೆ. ಆ ಗಳಿಕೆ 15 ಲಕ್ಷ ರೂಪಾಯಿ, ಬೇರೆ ಆದಾಯ ಏನೂ ಇಲ್ಲ ಎಂದಾದರೆ, 2025-26ರ ಹೊಸ ಪದ್ಧತಿಯ ದರದಂತೆ 75,000 ರೂಪಾಯಿ ಕಳೆದು ಉಳಿದ 14.25 ಲಕ್ಷಕ್ಕೆ ತೆರಿಗೆ 93,750 ರೂಪಾಯಿ. ಅದರ ಮೇಲೆ ಶೇ. 4ರ ಸೆಸ್ ಸೇರಿ 97,500 ರೂಪಾಯಿ. ಕತಾರಿನಲ್ಲಿ ಸಂಬಳಕ್ಕೆ ತೆರಿಗೆ ಇಲ್ಲದ ಕಾರಣ "ಅಲ್ಲಿ ಕಟ್ಟಿದ್ದೇನೆ, ಇಲ್ಲಿ ಬಿಡಿ" ಎನ್ನಲೂ ಬರುವುದಿಲ್ಲ.

ಹೊರಟ ದಿನ, ಬಂದ ದಿನ ಎರಡನ್ನೂ ಭಾರತದ ದಿನವೆಂದೇ ಎಣಿಸುವುದು ಕ್ಷೇಮ. ಆ ಬಗ್ಗೆ ವಾದ ಮಾಡುವುದಕ್ಕಿಂತ ಎರಡು ದಿನ ಮುಂಚೆ ಹೊರಡುವುದು ಅಗ್ಗ.

ತುಂಡು ತುಂಡು ರಜೆ

ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. "ನಾನು ಯಾವತ್ತೂ ಮೂರು ತಿಂಗಳು ಒಟ್ಟಿಗೆ ಊರಲ್ಲಿ ಕೂತವನಲ್ಲ" ಎಂಬ ಧೈರ್ಯ ಅವರದು. ಕಾನೂನು ಒಟ್ಟಿಗೆ ಕೂತದ್ದನ್ನು ಕೇಳುವುದಿಲ್ಲ, ತುಂಡುಗಳನ್ನೆಲ್ಲ ಕೂಡಿಸುತ್ತದೆ.

ಮಾರಿಪೂಜೆಗೆಂದು ಮಾರ್ಚ್ 5ಕ್ಕೆ ಬಂದು ಮೇ 20ಕ್ಕೆ ಮರಳಿದವನ ರಜೆ ಎರಡು ವರ್ಷಗಳಿಗೆ ಹಂಚಿಹೋಗುತ್ತದೆ. ಹಳೆಯ ವರ್ಷಕ್ಕೆ 27 ದಿನ, ಹೊಸ ವರ್ಷಕ್ಕೆ 50 ದಿನ. ಮಳೆಗಾಲದಲ್ಲಿ ತಾಯಿಗೆ ಕಾಯಿಲೆ ಎಂದು ಓಡಿ ಬಂದು 70 ದಿನ ಉಳಿದ. ಡಿಸೆಂಬರಿನಲ್ಲಿ ತಂಗಿಯ ಮದುವೆ, ಮನೆಯ ರಿಪೇರಿ ಎಂದು ಇನ್ನೊಂದು 65 ದಿನ. ಒಟ್ಟು 185. ಆತ ಗೆರೆ ದಾಟಿದ್ದಾನೆ, ಆದರೆ ಅವನಿಗದು ಗೊತ್ತೇ ಇಲ್ಲ.

ಗೆರೆ ದಾಟಿದ ಮಾತ್ರಕ್ಕೆ ಎಲ್ಲರಿಗೂ ಒಂದೇ ಪೆಟ್ಟು ಬೀಳುವುದಿಲ್ಲ. ಕಾನೂನಿನಲ್ಲಿ ನಡುವೆ ಒಂದು ಮೆಟ್ಟಿಲು ಇದೆ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವನು, ಅಥವಾ ಹಿಂದಿನ ಏಳು ವರ್ಷಗಳಲ್ಲಿ ಒಟ್ಟು 729 ದಿನಗಳಿಗಿಂತ ಹೆಚ್ಚು ಭಾರತದಲ್ಲಿ ಇರದವನು 'ಸಾಮಾನ್ಯ ನಿವಾಸಿಯಲ್ಲದ ನಿವಾಸಿ'. ಹೆಸರು ಉದ್ದವಾದರೂ ಉಪಕಾರ ದೊಡ್ಡದು. ಅವನು ಹೊರದೇಶದಲ್ಲಿ ದುಡಿದು ಅಲ್ಲೇ ಪಡೆದ ಸಂಬಳ ಇಲ್ಲಿಯ ತೆರಿಗೆಗೆ ಬರುವುದಿಲ್ಲ. ಆದ್ದರಿಂದ ಇಪ್ಪತ್ತು ವರ್ಷದಿಂದ ಕುವೈತಿನಲ್ಲಿರುವವನು ಒಮ್ಮೆ 185 ದಿನ ಉಳಿದರೂ ಬಚಾವು. ಪೆಟ್ಟು ಬೀಳುವುದು ಹೋಗಿ ಮೂರೋ ನಾಲ್ಕೋ ವರ್ಷವಾದ ಹುಡುಗನಿಗೆ. ಹಿಂದಿನ ಏಳು ವರ್ಷಗಳಲ್ಲಿ ಮೂರು ವರ್ಷ ಊರಲ್ಲೇ ಇದ್ದವನಿಗೆ 729ರ ಮಿತಿ ಎಂದೋ ದಾಟಿರುತ್ತದೆ. ಸಾಲ ಮಾಡಿ ವೀಸಾ ಪಡೆದು ಹೋದವನೂ ಅವನೇ, ಊರಿನ ಸೆಳೆತ ಹೆಚ್ಚಿರುವುದೂ ಅವನಿಗೇ.

2020ರ ಪಾಠ

ದಿನಗಳ ಲೆಕ್ಕದ ಬಿಸಿ ಎಲ್ಲರಿಗೂ ತಟ್ಟಿದ್ದು ಕೊರೊನಾ ಕಾಲದಲ್ಲಿ. 2020ರ ಮಾರ್ಚ್ 22ರಂದು ಅಂತಾರಾಷ್ಟ್ರೀಯ ವಿಮಾನಗಳು ನಿಂತಾಗ ಹದಿನೈದು ದಿನದ ರಜೆಗೆಂದು ಬಂದವರೂ ಊರಲ್ಲಿ ಸಿಕ್ಕಿಬಿದ್ದರು. ಬಜಪೆಯಿಂದ ಹಾರುವ ವಿಮಾನವೇ ಇಲ್ಲ. ಅತ್ತ ವೀಸಾದ ಚಿಂತೆ, ಇತ್ತ ತೆರಿಗೆಯ ಚಿಂತೆ.

ಕೇಂದ್ರ ನೇರ ತೆರಿಗೆ ಮಂಡಳಿ ಆ ವರ್ಷ ಮೇ 8ರಂದು ಹೊರಡಿಸಿದ ಸುತ್ತೋಲೆಯಲ್ಲಿ, ರಜೆಗೆ ಬಂದು ಸಿಕ್ಕಿಬಿದ್ದವರ ಮಾರ್ಚ್ 22ರಿಂದ 31ರವರೆಗಿನ ದಿನಗಳನ್ನು 2019-20ರ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಹೇಳಿತು. ಆದರೆ ಏಪ್ರಿಲ್ 1ರಿಂದ ಹೊಸ ವರ್ಷ. 2020-21ಕ್ಕೆ ಅಂಥ ಸಾರಾಸಗಟು ರಿಯಾಯಿತಿ ಸಿಗಲಿಲ್ಲ. 2021ರ ಮಾರ್ಚ್ 3ರ ಸುತ್ತೋಲೆ, ಎರಡೂ ದೇಶದಲ್ಲಿ ತೆರಿಗೆ ಬಿದ್ದವರು ತಮ್ಮ ವಿವರ ಕೊಡಬಹುದು ಎಂದಷ್ಟೇ ಹೇಳಿತು. ಸೆಪ್ಟೆಂಬರ್ 29ರ ನಂತರವೂ ಊರಲ್ಲೇ ಉಳಿಯಬೇಕಾಗಿ ಬಂದವರು ಆ ವರ್ಷ ನಿವಾಸಿಗಳಾದರು. ಹಳಬರನ್ನು ನಡುವಿನ ಮೆಟ್ಟಿಲು ಕಾಪಾಡಿತು. ಹೊಸಬರು ಲೆಕ್ಕ ಪರಿಶೋಧಕರ ಬಾಗಿಲು ತಟ್ಟಬೇಕಾಯಿತು.

ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ದುಬೈ ಕಂಪೆನಿಯ ಕೆಲಸ ಮಾಡಿದವರಿಗೆ ಇನ್ನೊಂದು ವಿಷಯವೂ ತಿಳಿಯಿತು. ಸಂಬಳ ಹುಟ್ಟುವುದು ಅದನ್ನು ಕೊಡುವ ಊರಿನಲ್ಲಿ ಅಲ್ಲ, ದುಡಿಮೆ ನಡೆಯುವ ಊರಿನಲ್ಲಿ. ಮಣಿಪಾಲದ ಕೋಣೆಯಲ್ಲಿ ಕುಳಿತು ಮಾಡಿದ ಕೆಲಸದ ಸಂಬಳ, ಬರುವುದು ದಿರ್ಹಮಿನಲ್ಲಾದರೂ, ಭಾರತದಲ್ಲಿ ಹುಟ್ಟಿದ ಆದಾಯವೇ.

ಹಡಗಿನಲ್ಲಿ ಕೆಲಸ ಮಾಡುವ ಕರಾವಳಿಯ ಹುಡುಗರ ಸಂದೇಹ ಬೇರೆಯದು. ಅವರ ಸಂಬಳ ನೇರವಾಗಿ ಊರಿನ ಬ್ಯಾಂಕಿನ ಎನ್‌ಆರ್‌ಇ ಖಾತೆಗೆ ಬೀಳುತ್ತದೆ. ಹಣ ಭಾರತದಲ್ಲೇ ಕೈಗೆ ಬಂತಲ್ಲ, ತೆರಿಗೆ ಬೇಡವೇ? ಅನಿವಾಸಿ ನಾವಿಕನು ವಿದೇಶಿ ಹಡಗಿನಲ್ಲಿ ಭಾರತದ ಹೊರಗೆ ದುಡಿದದ್ದು ಎನ್‌ಆರ್‌ಇ ಖಾತೆಗೆ ಜಮೆಯಾದ ಮಾತ್ರಕ್ಕೆ ತೆರಿಗೆಗೆ ಒಳಪಡುವುದಿಲ್ಲ ಎಂದು ಮಂಡಳಿ 2017ರ ಏಪ್ರಿಲ್ 11ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಆದರೆ ಅನಿವಾಸಿ ಎಂದು ತೋರಿಸಲು ಅವರೂ ದಿನಗಳ ದಾಖಲೆ ಇಟ್ಟುಕೊಳ್ಳಲೇಬೇಕು.

ಊರಲ್ಲಿ ಹುಟ್ಟುವ ಆದಾಯ

ಅನಿವಾಸಿಯಾದವನಿಗೆ ಭಾರತದಲ್ಲಿ ತೆರಿಗೆಯೇ ಇಲ್ಲ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಹೊರಗಿನ ಸಂಬಳಕ್ಕೆ ಇಲ್ಲ, ನಿಜ. ಆ ಸಂಬಳವನ್ನು ತಾಯಿಗೋ ಹೆಂಡತಿಗೋ ಕಳುಹಿಸಿದರೂ ಕಳುಹಿಸಿದ್ದಕ್ಕಾಗಿ ತೆರಿಗೆ ಇಲ್ಲ. ಹೆಂಡತಿಗೆ ಕೊಟ್ಟ ಹಣವನ್ನು ಆಕೆ ಠೇವಣಿ ಇಟ್ಟರೆ ಬಡ್ಡಿ ಮಾತ್ರ ಗಂಡನ ಲೆಕ್ಕಕ್ಕೇ ಸೇರುತ್ತದೆ. ಅದರ ಹೊರತು ಈ ನೆಲದಲ್ಲಿ ಹುಟ್ಟಿದ ಬಾಡಿಗೆ, ಬಡ್ಡಿ, ಮಾರಾಟದ ಲಾಭ ಇವುಗಳಿಗೆ ತೆರಿಗೆ ಉಂಟು. ಅಷ್ಟೇ ಅಲ್ಲ, ಕೆಲವು ಕಡೆ ಊರಿನವರಿಗಿಂತ ಹೆಚ್ಚೇ ಉಂಟು.

ಎನ್‌ಆರ್‌ಇ ಖಾತೆಯ ಬಡ್ಡಿಗೆ ತೆರಿಗೆ ಇಲ್ಲ. ಊರಿನ ಬಾಡಿಗೆ, ಹಳೆಯ ಠೇವಣಿ ಮುಂತಾದವು ಬೀಳುವ ಎನ್‌ಆರ್‌ಒ ಖಾತೆಯ ಬಡ್ಡಿಗೆ ತೆರಿಗೆ ಇದೆ. ಬ್ಯಾಂಕು ಶೇ. 30 ಮತ್ತು ಸೆಸ್ ಸೇರಿ ಶೇ. 31.2ರಂತೆ ಮೊದಲೇ ಹಿಡಿದುಕೊಳ್ಳುತ್ತದೆ. ದುಡಿಯುವ ದೇಶದೊಂದಿಗೆ ಭಾರತಕ್ಕೆ ತೆರಿಗೆ ಒಪ್ಪಂದವಿದ್ದು, ಅಲ್ಲಿಯ ನಿವಾಸಿ ಎಂಬ ಪ್ರಮಾಣಪತ್ರ ತಂದುಕೊಟ್ಟರೆ ದರ ಇಳಿಯುತ್ತದೆ. ಯುಎಇಯವರಿಗೆ ಅದು ಶೇ. 12.5, ಸೌದಿಯವರಿಗೆ ಶೇ. 10. ಆ ಕಾಗದ ತರಿಸದೆ ವರ್ಷಗಟ್ಟಲೆ ಶೇ. 31.2 ಕಡಿತಕ್ಕೆ ಬಿಟ್ಟವರು ನಮ್ಮಲ್ಲಿ ಕಡಿಮೆ ಇಲ್ಲ.

ಬಾಡಿಗೆಯ ವಿಚಾರದಲ್ಲಿ ಬಾಡಿಗೆದಾರನೂ ಸಿಕ್ಕಿಬೀಳುತ್ತಾನೆ. ಉಡುಪಿಯಲ್ಲಿ ಅನಿವಾಸಿಯೊಬ್ಬರ ಮನೆಯನ್ನು ತಿಂಗಳಿಗೆ 20,000 ರೂಪಾಯಿಗೆ ಹಿಡಿದವರು ಅದರಲ್ಲಿ 6,240 ರೂಪಾಯಿ ಕಡಿದು ಸರಕಾರಕ್ಕೆ ಕಟ್ಟಬೇಕು. ವರ್ಷಕ್ಕೆ ಅದು 74,880 ರೂಪಾಯಿ. ಮನೆಯ ಯಜಮಾನರಿಗೆ ಇಲ್ಲಿ ಬೇರೆ ಆದಾಯ ಇಲ್ಲದಿದ್ದರೆ ಅಷ್ಟೂ ಹಣ ವಾಪಸು ಬರಬೇಕಾದದ್ದು. ಆದರೆ ರಿಟರ್ನ್ ಸಲ್ಲಿಸಿದರೆ ಮಾತ್ರ ಬರುತ್ತದೆ, ಕೇಳದವರಿಗೆ ಕೊಡುವವರು ಯಾರೂ ಇಲ್ಲ.

2025ರ ಬಜೆಟ್ ದಿನ "12 ಲಕ್ಷದವರೆಗೆ ತೆರಿಗೆ ಇಲ್ಲ" ಎಂಬ ಸುದ್ದಿ ಗಲ್ಫಿನ ಕೋಣೆಗಳಲ್ಲೂ ಸಂತೋಷ ತಂದಿತ್ತು. ಆದರೆ ಆ ವಿನಾಯಿತಿ ಒಂದು ರಿಯಾಯಿತಿಯ ರೂಪದ್ದು, ಅದು ನಿವಾಸಿಗಳಿಗೆ ಮಾತ್ರ. ತೆರಿಗೆಗೆ ಬರುವ ಆದಾಯ 8 ಲಕ್ಷವಿದ್ದರೆ ಉಡುಪಿಯಲ್ಲಿರುವ ಅಣ್ಣ ಕಟ್ಟುವುದು ಸೊನ್ನೆ. ಮಸ್ಕತ್ತಿನಲ್ಲಿರುವ ತಮ್ಮ ಕಟ್ಟುವುದು 20,800 ರೂಪಾಯಿ.

ಮನೆ ಮಾರುವಾಗ ಇನ್ನೂ ದೊಡ್ಡ ಮೊತ್ತದ ಮಾತು. ಕಾರ್ಕಳದ ಪೇಟೆಯಲ್ಲಿ 40 ಲಕ್ಷ ರೂಪಾಯಿಯ ಮನೆಯನ್ನು ಊರಿನವರಿಂದಲೇ ಕೊಂಡರೆ ಕೊಳ್ಳುವವರು ತೆರಿಗೆಗಾಗಿ ಏನೂ ಹಿಡಿಯಬೇಕಾಗಿಲ್ಲ. 50 ಲಕ್ಷದಿಂದ ಮೇಲಿನದಕ್ಕೆ ಮಾತ್ರ ಶೇ. 1. ಅದೇ ಮನೆಯನ್ನು ಎರಡು ವರ್ಷಕ್ಕಿಂತ ಹೆಚ್ಚು ಕಾಲ ಹೊಂದಿದ್ದ ಅನಿವಾಸಿಯಿಂದ ಕೊಂಡರೆ ಶೇ. 12.5 ಮತ್ತು ಸೆಸ್, ಅಂದರೆ 5,20,000 ರೂಪಾಯಿ ಹಿಡಿದು ಕಟ್ಟಬೇಕು. ಅದೂ ಲಾಭದ ಮೇಲಲ್ಲ, ಪೂರ್ತಿ ಬೆಲೆಯ ಮೇಲೆ. ಮಾರುವವರು ಮುಂಚಿತವಾಗಿ ತೆರಿಗೆ ಅಧಿಕಾರಿಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ತಂದರೆ ಮಾತ್ರ ಇದು ಇಳಿಯುತ್ತದೆ. ಹಿಡಿಯದೆ ಪೂರ್ತಿ ಹಣ ಕೊಟ್ಟುಬಿಟ್ಟರೆ ನಾಳೆ ನೋಟಿಸು ಬರುವುದು ಕೊಂಡವರ ಮನೆಗೆ.

ಅಜ್ಜನ ಕಾಲದ ಅಡಿಕೆ ತೋಟ, ಗದ್ದೆ ಪಾಲಿಗೆ ಬಂದಿದ್ದರೆ ಆ ಕೃಷಿ ಆದಾಯಕ್ಕೆ ಅನಿವಾಸಿಗೂ ತೆರಿಗೆ ವಿನಾಯಿತಿ ಇದೆ. ಆದರೆ ಪಿತ್ರಾರ್ಜಿತವಾಗಿ ಪಡೆಯಬಹುದೇ ಹೊರತು ಅನಿವಾಸಿಯಾಗಿ ಹೊಸದಾಗಿ ಕೃಷಿ ಭೂಮಿಯನ್ನಾಗಲಿ, ತೋಟವನ್ನಾಗಲಿ ಕೊಳ್ಳಲು ವಿದೇಶಿ ವಿನಿಮಯದ ನಿಯಮ ಬಿಡುವುದಿಲ್ಲ.

ಖಾಯಂ ಆಗಿ ಮರಳಿದಾಗ

ಎಲ್ಲಕ್ಕಿಂತ ದೊಡ್ಡ ತಪ್ಪು ನಡೆಯುವುದು ಮರಳಿ ಬಂದಾಗ. ಮೂವತ್ತು ವರ್ಷ ಮರಳುಗಾಡಿನಲ್ಲಿ ದುಡಿದು, ಮನೆ ಕಟ್ಟಿ, ಮಕ್ಕಳನ್ನು ಓದಿಸಿ ಊರಿಗೆ ಬಂದವರು ಬ್ಯಾಂಕಿಗೆ ಮಾತ್ರ ಹೇಳುವುದಿಲ್ಲ. ಎನ್‌ಆರ್‌ಇ ಠೇವಣಿ ಹಾಗೆಯೇ ಮುಂದುವರಿಯುತ್ತದೆ, ಬಡ್ಡಿ ಬರುತ್ತಲೇ ಇರುತ್ತದೆ, ಅದಕ್ಕೆ ತೆರಿಗೆ ಇಲ್ಲವೆಂದೇ ನಂಬಿಕೆ.

ಇಲ್ಲಿ ಎರಡು ಕಾನೂನುಗಳು ಬೇರೆ ಬೇರೆ ಮಾತಾಡುತ್ತವೆ. ಆದಾಯ ತೆರಿಗೆ ಕಾನೂನು ದಿನ ಎಣಿಸುತ್ತದೆ. ವಿದೇಶಿ ವಿನಿಮಯದ ಕಾನೂನು ಉದ್ದೇಶ ನೋಡುತ್ತದೆ. ಇನ್ನು ಊರಲ್ಲೇ ಇರುವುದೆಂದು ಬಂದವನು ಅದರ ಕಣ್ಣಿಗೆ ಬಂದ ದಿನದಿಂದಲೇ ನಿವಾಸಿ. ಎನ್‌ಆರ್‌ಇ ಬಡ್ಡಿಯ ವಿನಾಯಿತಿ ನಿಂತಿರುವುದು ಈ ಎರಡನೆಯ ಕಾನೂನಿನ ಮೇಲೆ. ಆದ್ದರಿಂದ ಬಂದ ಕೂಡಲೇ ಬ್ಯಾಂಕಿಗೆ ತಿಳಿಸಿ ಖಾತೆಯನ್ನು ಸಾಮಾನ್ಯ ಖಾತೆಯಾಗಿ ಬದಲಿಸಬೇಕು, ಇಲ್ಲವೇ ಮರಳಿದವರಿಗೆಂದೇ ಇರುವ ಆರ್‌ಎಫ್‌ಸಿ ಎಂಬ ವಿದೇಶಿ ಹಣದ ಖಾತೆಗೆ ವರ್ಗಾಯಿಸಬೇಕು. ಎಫ್‌ಸಿಎನ್‌ಆರ್ ಠೇವಣಿ ಅವಧಿ ಮುಗಿಯುವ ತನಕ ಮುಂದುವರಿಯಬಹುದು.

ಅಂಥವರಿಗೂ ಆ ನಡುವಿನ ಮೆಟ್ಟಿಲು ಸಾಮಾನ್ಯವಾಗಿ ಎರಡು ವರ್ಷ ಆಸರೆಯಾಗುತ್ತದೆ. ಆ ಅವಧಿಯಲ್ಲಿ ಆರ್‌ಎಫ್‌ಸಿ, ಎಫ್‌ಸಿಎನ್‌ಆರ್ ಬಡ್ಡಿಗೂ, ಹೊರದೇಶದಲ್ಲಿ ಉಳಿದ ಹಣದ ಆದಾಯಕ್ಕೂ ಇಲ್ಲಿ ತೆರಿಗೆ ಬೀಳುವುದಿಲ್ಲ. ಅದು ಮುಗಿದ ಮೇಲೆ ಅಬುಧಾಬಿಯ ಬ್ಯಾಂಕಿನಲ್ಲಿ ಬಿಟ್ಟುಬಂದ ಹಣವನ್ನೂ ರಿಟರ್ನಿನಲ್ಲಿ ತೋರಿಸಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಹಾಕಬಹುದು. ಸ್ಥಿರಾಸ್ತಿ ಬಿಟ್ಟು ಉಳಿದ ಆಸ್ತಿ ಒಟ್ಟು 20 ಲಕ್ಷ ಮೀರದಿದ್ದರೆ ಈ ದಂಡ ಬೇಡವೆಂದು 2024ರ ಅಕ್ಟೋಬರ್‌ನಿಂದ ಸಡಿಲಿಸಲಾಗಿದೆ. ದೇಶದೇಶಗಳ ನಡುವೆ ಬ್ಯಾಂಕ್ ಖಾತೆಗಳ ಮಾಹಿತಿ ವಿನಿಮಯ ನಡೆಯುತ್ತಿರುವಾಗ "ಯಾರಿಗೆ ಗೊತ್ತಾಗುತ್ತದೆ" ಎನ್ನುವ ಕಾಲ ಹೋಯಿತು.

ಪಾಸ್‌ಬುಕ್ಕಿನ ಮೇಲಿನ ಹೆಸರೂ ಬದಲಾಗಿದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1906ರಲ್ಲಿ ಉಡುಪಿಯಲ್ಲೇ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿಗೆ ಸೇರಿತು. ಹಳೆಯ ರಶೀದಿ ಕಪಾಟಿನಲ್ಲಿ ಇಟ್ಟುಕೊಂಡವರು ಒಮ್ಮೆ ಶಾಖೆಗೆ ಹೋಗಿ ತಮ್ಮ ಖಾತೆ ಯಾವ ವರ್ಗದಲ್ಲಿದೆ ಎಂದು ಕೇಳಿ ಬರುವುದು ಒಳ್ಳೆಯದು.

ಮಣಿಪಾಲಕ್ಕೆ ಬಂದವರು

ಇದೇ ಲೆಕ್ಕ ಇಲ್ಲಿಗೆ ಬರುವ ವಿದೇಶಿಯರಿಗೂ ಅನ್ವಯ. ಮಣಿಪಾಲದಲ್ಲಿ ಕೆಲಸ ಮಾಡುವ ಪರದೇಶದವರು ಇಲ್ಲಿ ದುಡಿದ ಸಂಬಳಕ್ಕೆ ಇಲ್ಲೇ ತೆರಿಗೆ ಕಟ್ಟಬೇಕು. 182 ದಿನ ದಾಟಿದರೆ ಅವರೂ ನಿವಾಸಿಗಳೇ. ಒಪ್ಪಂದಗಳಲ್ಲಿ ಕೆಲವು ರಿಯಾಯಿತಿಗಳಿವೆ. 1989ರ ಭಾರತ-ಅಮೆರಿಕ ಒಪ್ಪಂದದಂತೆ, ಕಲಿಸಲು ಅಥವಾ ಸಂಶೋಧನೆಗೆಂದು ಎರಡು ವರ್ಷ ಮೀರದಂತೆ ಬರುವ ಅಲ್ಲಿಯ ಪ್ರಾಧ್ಯಾಪಕರ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಇಲ್ಲಿಂದ ಅಲ್ಲಿಗೆ ಕಲಿಸಲು ಹೋಗುವ ನಮ್ಮವರಿಗೂ ಅದೇ ರಿಯಾಯಿತಿ.

ಆದರೆ ಅಮೆರಿಕದ ಪೌರ ಜಗತ್ತಿನ ಯಾವ ಮೂಲೆಯಲ್ಲಿ ದುಡಿದರೂ ತನ್ನ ಸರಕಾರಕ್ಕೆ ಲೆಕ್ಕ ಒಪ್ಪಿಸಬೇಕು. ಅವರ ಕಾನೂನು ಪಾಸ್‌ಪೋರ್ಟನ್ನೂ ನೋಡುತ್ತದೆ. ಮಕ್ಕಳಿಗೆ ಅಲ್ಲಿಯ ಪೌರತ್ವ ಸಿಕ್ಕಿತೆಂದು ಹೋಳಿಗೆ ಹಂಚುವ ಮನೆಯವರು ಇದನ್ನೂ ತಿಳಿದಿರಬೇಕು. ಇಂಗ್ಲೆಂಡಿಗೆ ಹೋಗುವ ಕಾರ್ಕಳದ ದಾದಿಯರಿಗೆ ತೆರಿಗೆ ವರ್ಷ ಏಪ್ರಿಲ್ 6ರಿಂದ. 1752ರಲ್ಲಿ ಬ್ರಿಟಿಷರು ಕ್ಯಾಲೆಂಡರಿನಿಂದ 11 ದಿನ ತೆಗೆದುಹಾಕಿದ್ದರ ಉಳಿಕೆ ಅದು. ಅಲ್ಲಿ ತೆರಿಗೆ ಸಂಬಳದಲ್ಲೇ ಕಡಿತವಾಗುತ್ತದೆ. ಇಲ್ಲಿಯೂ ಅದೇ ಆದಾಯ ತೆರಿಗೆಗೆ ಬಂದರೆ ಅಲ್ಲಿ ಕಟ್ಟಿದ್ದನ್ನು ಇಲ್ಲಿಯ ತೆರಿಗೆಯಲ್ಲಿ ಕಳೆಯಲು ಅವಕಾಶವಿದೆ.

ಇನ್ನು ಗಲ್ಫಿನಲ್ಲಿ ತೆರಿಗೆ ಇಲ್ಲವೆಂಬ ಮಾತು. ಯುಎಇ 2018ರಿಂದ ಶೇ. 5ರ ಮೌಲ್ಯವರ್ಧಿತ ತೆರಿಗೆ ಹಾಕುತ್ತಿದೆ. ಸೌದಿಯಲ್ಲಿ ಅದು 2020ರ ಜುಲೈಯಿಂದ ಶೇ. 15. ಸೌದಿಯಲ್ಲಿ ಜೊತೆಗಿರುವ ಕುಟುಂಬದವರ ಮೇಲೆ 2017ರಲ್ಲಿ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಶುರುವಾಗಿ 2020ಕ್ಕೆ 400 ಆಯಿತು. ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿ ಒಬ್ಬರೇ ಉಳಿದವರಿಗೆ ಅದರ ಅರ್ಥ ಚೆನ್ನಾಗಿ ಗೊತ್ತು. ಒಮಾನ್ 2025ರಲ್ಲಿ ಆಜ್ಞೆ ಹೊರಡಿಸಿ, ವರ್ಷಕ್ಕೆ 42,000 ರಿಯಾಲ್ ಮೀರಿದ ಆದಾಯಕ್ಕೆ 2028ರಿಂದ ಶೇ. 5 ತೆರಿಗೆ ಎಂದು ಗೊತ್ತುಮಾಡಿದೆ. ಗಲ್ಫಿನಲ್ಲಿ ವ್ಯಕ್ತಿಯ ಆದಾಯದ ಮೇಲೆ ಇಂಥ ತೆರಿಗೆ ಅದೇ ಮೊದಲು.

ಇಷ್ಟೆಲ್ಲ ಕಾನೂನನ್ನು ದುಡಿಯಲು ಹೋದವನು ಬಾಯಿಪಾಠ ಮಾಡಬೇಕಾಗಿಲ್ಲ. ಅದಕ್ಕೆ ಲೆಕ್ಕ ಪರಿಶೋಧಕರಿದ್ದಾರೆ. ಆದರೆ ಅವರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಅವನೇ: ಎಂದು ಬಂದೆ, ಎಂದು ಹೋದೆ? ಪಾಸ್‌ಪೋರ್ಟಿನ ಮುದ್ರೆ ಮಸುಕಾಗುತ್ತದೆ, ಹಳೆಯ ಪಾಸ್‌ಪೋರ್ಟು ಕಳೆದೂಹೋಗುತ್ತದೆ. ನಮ್ಮ ಮನೆಗಳಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಕು ಬರೆಯುವ ಗೋಡೆಯ ಕ್ಯಾಲೆಂಡರು ಇದ್ದೇ ಇದೆ. ಮಗ ಬಂದ ದಿನ, ಹೋದ ದಿನಗಳಿಗೆ ಅಮ್ಮ ಅದರಲ್ಲಿ ಸುತ್ತು ಹಾಕಿಡುವುದೂ ಉಂಟು. ಡಿಸೆಂಬರ್ ಮುಗಿಯಿತೆಂದು ಆ ಕ್ಯಾಲೆಂಡರನ್ನು ಒಲೆಗೆ ಹಾಕುವ ಮೊದಲು ತಾರೀಕುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಮುಂದೊಂದು ದಿನ ಅದೇ ಲಕ್ಷ ರೂಪಾಯಿಯ ದಾಖಲೆಯಾದೀತು.